ಎದೆನೋವು ನಿಜವೋ ಸುಳ್ಳೋ, ಹೇಳಬೇಕಾದವರು ಯಾರು?

ದೊಡ್ಡ ಮನುಷ್ಯರೊಬ್ಬರು ಬಂಧನಕ್ಕೊಳಗಾದ ಸಂಜೆ ಟಿ.ವಿ. ಮುಂದೆ ಕೂತವರು ಸಣ್ಣದೊಂದು ಬಾಜಿ ಕಟ್ಟುವುದುಂಟು: ಎದೆನೋವು ಇವತ್ತೇ ಶುರುವಾಗುತ್ತದೋ, ನಾಳೆಯೋ? ಅನೇಕ ಸಲ ಅದು ಶುರುವಾಗಿಯೇ ತೀರುತ್ತದೆ. ಜೈಲು ಸೇರಬೇಕಾದವರು ಆಸ್ಪತ್ರೆಯ ಸ್ಪೆಷಲ್ ವಾರ್ಡ್ ಸೇರುತ್ತಾರೆ. ನಾವು ನಕ್ಕು ಚಾನೆಲ್ ಬದಲಿಸುತ್ತೇವೆ. ಆದರೆ ಈ ತಮಾಷೆಯ ಬಿಲ್ಲು ಹೋಗುವುದು ಬೇರೊಬ್ಬನ ಹೆಸರಿಗೆ. ಅದೇ ಜೈಲಿನ ಬ್ಯಾರಕ್ಕಿನಲ್ಲಿ ರಾತ್ರಿ ಎರಡು ಗಂಟೆಗೆ ಗಾರೆ ಕೆಲಸದವನೊಬ್ಬ ಎದೆ ಒತ್ತಿಕೊಂಡು ಕಂಬಿ ಬಡಿದರೆ, ಕಾವಲಿಗಿದ್ದ ವಾರ್ಡರ್‌ಗೆ ಮೊದಲು ಹೊಳೆಯುವ ಮಾತು ‘ನಾಟಕ’. ಉಳ್ಳವರ ಸುಳ್ಳು ಎದೆನೋವು ಇಲ್ಲದವರ ನಿಜವಾದ ಎದೆನೋವಿನ ಮೇಲಿನ ನಂಬಿಕೆಯನ್ನೇ ತಿಂದುಹಾಕಿದೆ.

ಜೈಲಿನ ಆರೋಗ್ಯ ವ್ಯವಸ್ಥೆ ಎಂದೊಡನೆ ನಾವು ಹಾಸಿಗೆ, ಔಷಧ, ಅನುದಾನ ಎಂದು ಲೆಕ್ಕ ಹಾಕತೊಡಗುತ್ತೇವೆ. ಅವೆಲ್ಲ ಬೇಕು, ನಿಜ. ಆದರೆ ಅದಕ್ಕೂ ಮೊದಲಿನ ಪ್ರಶ್ನೆಯೊಂದಿದೆ. ಕೈದಿಗೆ ಕಾಯಿಲೆ ಇದೆಯೋ ಇಲ್ಲವೋ ಎಂದು ತೀರ್ಮಾನಿಸುವವರು ಯಾರು? ಸ್ಟೆತಸ್ಕೋಪ್ ಹಿಡಿದವರೋ, ಬೀಗದ ಕೈ ಹಿಡಿದವರೋ?

ಈ ಪ್ರಶ್ನೆಗೆ ಕರ್ನಾಟಕದಲ್ಲಿ ಹಳೆಯದೊಂದು ಉತ್ತರವಿದೆ. ಸ್ನೇಹಲತಾ ರೆಡ್ಡಿಯವರನ್ನು ‘ಸಂಸ್ಕಾರ’ ಸಿನಿಮಾದ ಚಂದ್ರಿಯಾಗಿ ನೋಡಿದವರು ಮರೆತಿರಲಾರರು. ತುರ್ತು ಪರಿಸ್ಥಿತಿಯಲ್ಲಿ, 1976ರ ಮೇ ತಿಂಗಳಲ್ಲಿ, ಸರ್ಕಾರದ ವಿರುದ್ಧ ಸ್ಫೋಟದ ಸಂಚು ಎಂದು ಹೂಡಿದ ಬರೋಡಾ ಡೈನಮೈಟ್ ಪ್ರಕರಣದ ಹೆಸರಿನಲ್ಲಿ ಅವರನ್ನು ಬಂಧಿಸಿ ಬೆಂಗಳೂರಿನ ಕೇಂದ್ರ ಕಾರಾಗೃಹದಲ್ಲಿ ಇಟ್ಟರು. ಅವರಿಗೆ ತೀವ್ರವಾದ ಆಸ್ತಮಾ ಇತ್ತು. ಉಸಿರು ಕಟ್ಟಿ ಪ್ರಜ್ಞೆ ತಪ್ಪುವ ಸ್ಥಿತಿಗೆ ಬಂದರೂ ತಕ್ಕ ಚಿಕಿತ್ಸೆ ಸಿಗಲಿಲ್ಲ. ಅದೇ ಜೈಲಿನಲ್ಲಿದ್ದ ಸಮಾಜವಾದಿ ನಾಯಕ ಮಧು ದಂಡವತೆ, ರಾತ್ರಿಯ ನಿಶ್ಶಬ್ದದಲ್ಲಿ ಅವರ ಚೀರಾಟ ಕೇಳಿಸುತ್ತಿದ್ದುದನ್ನು ಮುಂದೆ ಬರೆದರು. ಸುಮಾರು ಎಂಟು ತಿಂಗಳ ನಂತರ, 1977ರ ಜನವರಿ 15ರಂದು, ಪೆರೋಲ್ ಮೇಲೆ ಬಿಟ್ಟರು. ಜನವರಿ 20ರಂದು ಅವರು ತೀರಿಕೊಂಡರು. ಆ ಪ್ರಕರಣದ ಆರೋಪಪಟ್ಟಿಯಲ್ಲಿ ಅವರ ಹೆಸರೇ ಇರಲಿಲ್ಲ. ಅವರಿಗೆ ಮರಣದಂಡನೆ ಇರಲಿ, ಒಂದು ದಿನದ ಸಜೆಯನ್ನೂ ಯಾವ ನ್ಯಾಯಾಲಯವೂ ವಿಧಿಸಿರಲಿಲ್ಲ. ಆ ಜೈಲಿದ್ದ ಜಾಗ ಇಂದಿನ ಫ್ರೀಡಂ ಪಾರ್ಕ್. ಜೈಲು ಪರಪ್ಪನ ಅಗ್ರಹಾರಕ್ಕೆ ಹೋಯಿತು.

ಅದು ತುರ್ತು ಪರಿಸ್ಥಿತಿಯ ಕರಾಳ ಕಾಲ, ಈಗ ಹಾಗಿಲ್ಲ ಎನ್ನುವವರು 2020ರ ನವೆಂಬರ್ ತಿಂಗಳನ್ನು ನೆನಪಿಸಿಕೊಳ್ಳಬೇಕು. ಪಾರ್ಕಿನ್ಸನ್ ಕಾಯಿಲೆಯಿಂದ ಕೈ ನಡುಗಿ ಲೋಟ ಹಿಡಿಯಲಾಗದೆ ಜೈಲಿನಲ್ಲಿದ್ದ ಪಾದ್ರಿ ಸ್ಟ್ಯಾನ್ ಸ್ವಾಮಿ, ನೀರು ಕುಡಿಯಲು ಒಂದು ಸಿಪ್ಪರ್ ಮತ್ತು ಸ್ಟ್ರಾ ಕೊಡಿಸಿ ಎಂದು ನ್ಯಾಯಾಲಯಕ್ಕೆ ಅರ್ಜಿ ಹಾಕಬೇಕಾಯಿತು. ಉತ್ತರ ಕೊಡಲು ತನಿಖಾ ಸಂಸ್ಥೆ 20 ದಿನ ಕೇಳಿತು. ಬೆಂಗಳೂರಿನ ಇಂಡಿಯನ್ ಸೋಶಿಯಲ್ ಇನ್‌ಸ್ಟಿಟ್ಯೂಟ್‌ನ ನಿರ್ದೇಶಕರಾಗಿದ್ದ ಅವರು 2021ರ ಜುಲೈ 5ರಂದು, 84ನೇ ವಯಸ್ಸಿನಲ್ಲಿ, ವಿಚಾರಣಾಧೀನ ಕೈದಿಯಾಗಿಯೇ ಮುಂಬೈಯ ಆಸ್ಪತ್ರೆಯಲ್ಲಿ ಪ್ರಾಣ ಬಿಟ್ಟರು. ಅವರ ಮೇಲಿನ ಆರೋಪದ ಬಗ್ಗೆ ಯಾರಿಗೆ ಏನೇ ಅಭಿಪ್ರಾಯವಿರಲಿ, ಸ್ಟ್ರಾ ಬೇಕೋ ಬೇಡವೋ ಎಂಬುದು ತನಿಖಾಧಿಕಾರಿ ಉತ್ತರಿಸುವ ಪ್ರಶ್ನೆಯಾದದ್ದು ಹೇಗೆ? ಒಬ್ಬ ನರ್ಸ್ ಎರಡು ನಿಮಿಷದಲ್ಲಿ ಮುಗಿಸಬೇಕಾದ ಕೆಲಸ ಅದು.

ಹೇಗೆ ಎಂಬುದಕ್ಕೆ ಕಾನೂನಿನ ಪುಸ್ತಕವನ್ನೇ ತೆರೆಯಬೇಕು. ನಮ್ಮ ಜೈಲು ಕಾನೂನುಗಳಿಗೆಲ್ಲ ಬೇರು 1894ರ ಕಾರಾಗೃಹ ಕಾಯ್ದೆ. ಅದರ 13ನೇ ಸೆಕ್ಷನ್ ಜೈಲಿನ ನೈರ್ಮಲ್ಯದ ಹೊಣೆಯನ್ನು ವೈದ್ಯಾಧಿಕಾರಿಗೆ ಕೊಡುತ್ತದೆ, ಆದರೆ ‘ಸೂಪರಿಂಟೆಂಡೆಂಟರ ನಿಯಂತ್ರಣಕ್ಕೆ ಒಳಪಟ್ಟು’ ಎಂಬ ಷರತ್ತು ಹಾಕಿಯೇ ಕೊಡುತ್ತದೆ. 37ನೇ ಸೆಕ್ಷನ್ ಇನ್ನೂ ಸ್ವಾರಸ್ಯಕರ. ಡಾಕ್ಟರನ್ನು ಕಾಣಬೇಕೆನ್ನುವ ಕೈದಿಯ ಹೆಸರನ್ನು ಅವನ ಉಸ್ತುವಾರಿಯ ಸಿಬ್ಬಂದಿ ಜೈಲರ್‌ಗೆ ತಿಳಿಸಬೇಕು. ಜೈಲರ್ ಅದನ್ನು ವೈದ್ಯ ಸಿಬ್ಬಂದಿಯ ಗಮನಕ್ಕೆ ತರಬೇಕು. ತಡಮಾಡಬಾರದು ಎಂದು ಕಾಯ್ದೆ ಎರಡು ಕಡೆಯೂ ಹೇಳುತ್ತದೆ, ನಿಜ. ಆದರೆ ರೋಗಿ ಮತ್ತು ವೈದ್ಯರ ನಡುವೆ ಎರಡು ಖಾಕಿ ಬಾಗಿಲುಗಳನ್ನು ನಿಲ್ಲಿಸಿದ್ದೂ ಅದೇ ಕಾಯ್ದೆ. ಬ್ರಿಟಿಷರಿಗೆ ಜೈಲು ಶಿಸ್ತಿನ ಜಾಗ, ಕಾಯಿಲೆ ಆ ಶಿಸ್ತಿಗೆ ಬರುವ ಅಡ್ಡಿ. ನೂರಮೂವತ್ತು ವರ್ಷ ದಾಟಿದರೂ ಆ ಎರಡು ಬಾಗಿಲು ಅಲ್ಲೇ ಇವೆ.

ಕಾಗದದಿಂದ ಇಳಿದು ಬ್ಯಾರಕ್ಕಿಗೆ ಬಂದರೆ ಬಾಗಿಲುಗಳು ಇನ್ನೂ ಹೆಚ್ಚುತ್ತವೆ. ಮೊದಲು ವಾರ್ಡರ್ ನಂಬಬೇಕು. ಬೆಳಿಗ್ಗೆ ಜೈಲಿನ ಆಸ್ಪತ್ರೆಗೆ ಹೋಗುವವರ ಸಾಲಿನಲ್ಲಿ ಹೆಸರು ಬರಬೇಕು. ಅಲ್ಲಿ ಡಾಕ್ಟರ್ ಇರಬೇಕು. ಡಾಕ್ಟರ್ ನೋಡಿ, ಇದು ಇಲ್ಲಿ ಆಗುವ ಕೆಲಸವಲ್ಲ, ವಿಕ್ಟೋರಿಯಾಕ್ಕೋ ಜಯದೇವಕ್ಕೋ ಕಳಿಸಬೇಕು ಎಂದು ಬರೆದರು ಅನ್ನಿ. ಆಮೇಲೆ ಬರುವುದೇ ಬೆಂಗಾವಲಿನ ಬಾಗಿಲು. ಕೈದಿಯನ್ನು ಹೊರಗೆ ಕರೆದೊಯ್ಯಲು ಸಶಸ್ತ್ರ ಮೀಸಲು ಪಡೆಯ ಪೊಲೀಸರು ಬೇಕು. ಅವರು ಇರುವುದು ಪೊಲೀಸ್ ಇಲಾಖೆಯ ಕೈಯಲ್ಲಿ, ಜೈಲಿನ ಕೈಯಲ್ಲಿ ಅಲ್ಲ. ಗಣೇಶನ ಮೆರವಣಿಗೆ, ಚುನಾವಣೆ, ಮಂತ್ರಿಗಳ ಬಂದೋಬಸ್ತ್, ಸಾಲದ್ದಕ್ಕೆ ಅದೇ ದಿನ ಕೋರ್ಟಿಗೆ ಹಾಜರುಪಡಿಸಬೇಕಾದ ಹತ್ತಾರು ಕೈದಿಗಳು. ಈ ಪಟ್ಟಿಯ ತಳದಲ್ಲಿ ಸ್ಕ್ಯಾನಿಂಗ್‌ಗೆ ಹೋಗಬೇಕಾದವನ ಹೆಸರಿರುತ್ತದೆ. ಸರ್ಕಾರಿ ಆಸ್ಪತ್ರೆಯಲ್ಲಿ ತಿಂಗಳ ಮೊದಲು ಕೊಟ್ಟ ತಾರೀಕು ತಪ್ಪಿತೆಂದರೆ ಮತ್ತೊಂದು ತಿಂಗಳು. ಹೊಟ್ಟೆಯ ಗೆಡ್ಡೆ ಬೆಂಗಾವಲಿಗಾಗಿ ಕಾಯುವುದಿಲ್ಲ.

ಡಾಕ್ಟರ್ ಇರಬೇಕು ಎಂದೆನಲ್ಲ, ಅದರ ಲೆಕ್ಕವನ್ನೂ ನೋಡೋಣ. 2016ರ ಮಾದರಿ ಕಾರಾಗೃಹ ಕೈಪಿಡಿಯ ಪ್ರಕಾರ 300 ಕೈದಿಗಳಿಗೆ ಒಬ್ಬ ವೈದ್ಯರಿರಬೇಕು. ‘ಇಂಡಿಯಾ ಜಸ್ಟೀಸ್ ರಿಪೋರ್ಟ್ 2025’ ಲೆಕ್ಕ ಹಾಕಿದಾಗ ದೇಶದಲ್ಲಿ ಕಂಡದ್ದು 775 ಕೈದಿಗಳಿಗೆ ಒಬ್ಬರು. 500 ಕೈದಿಗಳಿಗೊಬ್ಬ ಮನಶ್ಶಾಸ್ತ್ರಜ್ಞರಿರಬೇಕು ಎನ್ನುತ್ತದೆ ಕೈಪಿಡಿ. ಇಡೀ ದೇಶದ ಜೈಲುಗಳಲ್ಲಿ ಇದ್ದವರು 25 ಮಂದಿ. ರಾಷ್ಟ್ರೀಯ ಅಪರಾಧ ದಾಖಲೆಗಳ ಬ್ಯೂರೊ ಪ್ರಕಾರ 2022ರ ಕೊನೆಗೆ ದೇಶದ ಜೈಲುಗಳಲ್ಲಿ 5,73,220 ಮಂದಿ ಇದ್ದರು. ಜಾಗ ಇದ್ದದ್ದು 4,36,266 ಮಂದಿಗೆ. ನೂರು ಜನ ಮಲಗುವಲ್ಲಿ 131 ಜನ ಎಂದಾಯಿತು. ಇದು ಸರಾಸರಿ, ಕೆಲವು ಜೈಲುಗಳಲ್ಲಿ ಮಗ್ಗುಲು ಬದಲಿಸಲೂ ಪಕ್ಕದವನು ಮನಸ್ಸು ಮಾಡಬೇಕು. ಕ್ಷಯಕ್ಕೆ, ಕಜ್ಜಿಗೆ, ಜ್ವರಕ್ಕೆ ಇದಕ್ಕಿಂತ ಹದವಾದ ನೆಲ ಇಲ್ಲ.

ಆ ವರ್ಷ ದೇಶದ ಜೈಲುಗಳಲ್ಲಿ 1,995 ಮಂದಿ ಸತ್ತರು. ಅವರಲ್ಲಿ 1,773 ಮಂದಿಯದು ‘ಸಹಜ ಸಾವು’ ಎಂದು ದಾಖಲಾಗಿದೆ. ಕಾಯಿಲೆಯಿಂದ ಸತ್ತವರು, ಮುಪ್ಪಿನಿಂದ ಸತ್ತವರು ಎಲ್ಲರೂ ಆ ಒಂದೇ ಖಾನೆಯಲ್ಲಿದ್ದಾರೆ. ಬ್ಯಾರಕ್ಕಿನಲ್ಲಿ ಅಂಟಿದ ಕ್ಷಯಕ್ಕೆ ತಡವಾಗಿ ಮಾತ್ರೆ ಸಿಕ್ಕಿ ಸತ್ತವನೂ ಅಲ್ಲೇ, ತೊಂಬತ್ತು ವರ್ಷ ಬಾಳಿ ನಿದ್ದೆಯಲ್ಲಿ ಹೋದವನೂ ಅಲ್ಲೇ. ಪ್ರತಿ ಸಾವನ್ನೂ 24 ಗಂಟೆಯೊಳಗೆ ರಾಷ್ಟ್ರೀಯ ಮಾನವ ಹಕ್ಕುಗಳ ಆಯೋಗಕ್ಕೆ ತಿಳಿಸಬೇಕೆಂಬ ಸೂಚನೆ 1993ರಿಂದ ಇದೆ. ತಿಳಿಸುತ್ತಾರೆ ಕೂಡ. ಆದರೆ ಕೊನೆಯ ಸಲ ಡಾಕ್ಟರ್ ನೋಡಿದ್ದು ಯಾವಾಗ, ಹೊರಗಿನ ಆಸ್ಪತ್ರೆಗೆ ಬರೆದುಕೊಟ್ಟ ಚೀಟಿ ಎಷ್ಟು ದಿನ ಬೆಂಗಾವಲಿಗೆ ಕಾದಿತ್ತು ಎಂಬ ಎರಡು ಸಾಲು ಸಾರ್ವಜನಿಕರ ಕಣ್ಣಿಗೆ ಬೀಳುವುದಿಲ್ಲ. ನನಗೆ ಕೇಳಿದರೆ, ಇಡೀ ವರದಿಗಿಂತ ಆ ಎರಡು ಸಾಲೇ ಮುಖ್ಯ.

ಇಲ್ಲಿ ಒಂದು ಆಕ್ಷೇಪ ಏಳುತ್ತದೆ, ಅದನ್ನು ತಳ್ಳಿಹಾಕುವಂತಿಲ್ಲ. ಹೊರಗೆ ಮರ್ಯಾದೆಯಿಂದ ದುಡಿದು ತಿನ್ನುವ ಬಡವನಿಗೇ ಸರ್ಕಾರಿ ಆಸ್ಪತ್ರೆಯಲ್ಲಿ ಹಾಸಿಗೆ ಸಿಗುತ್ತಿಲ್ಲ, ಕಳ್ಳರಿಗೆ ಕೊಲೆಗಡುಕರಿಗೆ ಯಾಕೆ ಇಷ್ಟೆಲ್ಲ? ಮೊದಲನೆಯದಾಗಿ, 2022ರ ಅದೇ ಲೆಕ್ಕದಲ್ಲಿ ಶೇ 75.8ರಷ್ಟು ಮಂದಿ ವಿಚಾರಣಾಧೀನರು. ಕಳ್ಳರೋ ಅಲ್ಲವೋ ಎಂದು ಇನ್ನೂ ಯಾರೂ ತೀರ್ಪು ಕೊಟ್ಟಿಲ್ಲ. ಜಾಮೀನಿಗೆ ಹಣ ಹೊಂದಿಸಲಾಗದೆ ಕೂತವರೂ ಇವರಲ್ಲಿದ್ದಾರೆ. ಎರಡನೆಯದು ಇನ್ನೂ ಸರಳ. ಹೊರಗಿನ ಬಡವ ಒಂದು ಆಸ್ಪತ್ರೆಯಲ್ಲಿ ಆಗದಿದ್ದರೆ ಇನ್ನೊಂದಕ್ಕೆ ನಡೆಯುತ್ತಾನೆ, ಕೈಸಾಲ ಮಾಡುತ್ತಾನೆ, ಏನೂ ಇಲ್ಲದಿದ್ದರೆ ಮೂಲೆಯ ಮೆಡಿಕಲ್ ಶಾಪಿನಲ್ಲಿ ಒಂದು ಜ್ವರದ ಮಾತ್ರೆ ಕೊಳ್ಳುತ್ತಾನೆ. ಒಳಗಿದ್ದವನಿಗೆ ಆ ಮಾತ್ರೆಯೂ ಸರ್ಕಾರವೇ ಕೊಡಬೇಕು, ಏಕೆಂದರೆ ಬೀಗ ಹಾಕಿದ್ದು ಸರ್ಕಾರವೇ. ನ್ಯಾಯಾಧೀಶರು ಐದು ವರ್ಷ ಸಜೆ ಎಂದು ಬರೆದಾಗ ಕಿತ್ತುಕೊಂಡದ್ದು ಅವನ ಓಡಾಟವನ್ನು. ಶ್ವಾಸಕೋಶವನ್ನಲ್ಲ.

ವಿಶ್ವಸಂಸ್ಥೆ 2015ರಲ್ಲಿ ಒಪ್ಪಿದ ನೆಲ್ಸನ್ ಮಂಡೇಲಾ ನಿಯಮಗಳು ಹೇಳುವುದೂ ಇಷ್ಟೇ. ಸಮಾಜದಲ್ಲಿ ಲಭ್ಯವಿರುವ ಮಟ್ಟದ ಚಿಕಿತ್ಸೆಯೇ ಕೈದಿಗೂ ಉಚಿತವಾಗಿ ಸಿಗಬೇಕು ಎನ್ನುತ್ತದೆ 24ನೇ ನಿಯಮ. ಹೊರಗಿನವರಿಗಿಂತ ಹೆಚ್ಚಿನದನ್ನು ಯಾರೂ ಕೇಳುತ್ತಿಲ್ಲ. 27ನೇ ನಿಯಮ ನೇರ ನಮ್ಮ ಪ್ರಶ್ನೆಗೇ ಬರುತ್ತದೆ: ಚಿಕಿತ್ಸೆಯ ತೀರ್ಮಾನ ವೈದ್ಯ ಸಿಬ್ಬಂದಿಯದ್ದು ಮಾತ್ರ, ಜೈಲಿನ ಇತರ ಸಿಬ್ಬಂದಿ ಅದನ್ನು ಬದಲಿಸುವಂತಿಲ್ಲ, ಕಡೆಗಣಿಸುವಂತಿಲ್ಲ. ನಿಯಮಕ್ಕೆ ಹೆಸರು ಕೊಟ್ಟ ಮಂಡೇಲಾ ಅವರಿಗೂ ಪೋಲ್ಸ್‌ಮೂರ್ ಜೈಲಿನಲ್ಲಿದ್ದಾಗ, 1988ರಲ್ಲಿ, ಕ್ಷಯ ತಗುಲಿತ್ತು. ಹೊರಗಿನ ಆಸ್ಪತ್ರೆಗೆ ಸೇರಿಸಿದರು, ಗುಣವಾಯಿತು. ವರ್ಣಭೇದದ ಸರ್ಕಾರವೂ ಅಷ್ಟು ಮಾಡಿತ್ತು.

ನಮ್ಮಲ್ಲೂ ತೀರ್ಪುಗಳಿಗೆ ಬರವಿಲ್ಲ. ಬೆಂಗಳೂರು ಕೇಂದ್ರ ಕಾರಾಗೃಹದ ಕೈದಿಯೊಬ್ಬರು ಸುಪ್ರೀಂ ಕೋರ್ಟಿನ ಮುಖ್ಯ ನ್ಯಾಯಮೂರ್ತಿಗೆ ಬರೆದ ಪತ್ರವೇ ‘ರಾಮಮೂರ್ತಿ ವಿರುದ್ಧ ಕರ್ನಾಟಕ ರಾಜ್ಯ’ ಎಂಬ ಪ್ರಕರಣವಾಯಿತು. 1996ರ ಡಿಸೆಂಬರ್‌ನಲ್ಲಿ ಬಂದ ತೀರ್ಪು ದೇಶದ ಜೈಲುಗಳ ಒಂಬತ್ತು ಸಮಸ್ಯೆಗಳನ್ನು ಗುರುತಿಸಿತು. ಅದರಲ್ಲೊಂದು ಆರೋಗ್ಯ ಮತ್ತು ನೈರ್ಮಲ್ಯದ ಕಡೆಗಣನೆ. ಜನದಟ್ಟಣೆ, ವಿಚಾರಣೆಯ ವಿಳಂಬ, ಹಿಂಸೆ, ಸಾಕಾಗದ ಊಟ ಬಟ್ಟೆ ಉಳಿದವುಗಳಲ್ಲಿ ಕೆಲವು. ಶತಮಾನ ಹಳೆಯ ಕಾಯ್ದೆಯನ್ನು ಬದಲಿಸಿ ಎಂದೂ ಕೋರ್ಟ್ ಹೇಳಿತು. ಕೇಂದ್ರ ಸರ್ಕಾರ ಮಾದರಿ ಕಾಯ್ದೆಯ ಕರಡನ್ನು ರಾಜ್ಯಗಳಿಗೆ ಕಳಿಸಿದ್ದು 2023ರಲ್ಲಿ. ಮಧ್ಯದ ಇಪ್ಪತ್ತೇಳು ವರ್ಷಗಳನ್ನು ಯಾರ ಖಾತೆಗೆ ಬರೆಯುವುದೋ!

ಮನಸ್ಸಿನ ಕಾಯಿಲೆಯ ಮಾತು ಬಂದರೆ ಬೆಂಗಳೂರಿಗೆ ಒಂದು ಅನುಕೂಲವಿದೆ, ನಿಮ್ಹಾನ್ಸ್ ಇದೆ. ಅಲ್ಲಿನ ತಜ್ಞರು ಪರಪ್ಪನ ಅಗ್ರಹಾರದ 5,024 ಕೈದಿಗಳನ್ನು ಪರೀಕ್ಷಿಸಿ 2011ರಲ್ಲಿ ಪ್ರಕಟಿಸಿದ ಅಧ್ಯಯನ, ಜೈಲುಗಳ ಬಗ್ಗೆ ಈ ದೇಶದಲ್ಲಿ ನಡೆದ ಗಂಭೀರ ಕೆಲಸಗಳಲ್ಲೊಂದು. ಸುಮಾರು ಶೇ 80ರಷ್ಟು ಮಂದಿಗೆ ಮಾನಸಿಕ ಕಾಯಿಲೆ ಅಥವಾ ಮಾದಕ ವಸ್ತು, ತಂಬಾಕು, ಮದ್ಯದ ಚಟದ ಸಮಸ್ಯೆ ಇತ್ತು. ಚಟವನ್ನು ಬದಿಗಿಟ್ಟು ನೋಡಿದರೂ ಶೇ 27.6ರಷ್ಟು ಮಂದಿಗೆ ಮಾನಸಿಕ ಕಾಯಿಲೆ ಇತ್ತು. ನಾಲ್ವರಲ್ಲಿ ಒಬ್ಬರಿಗಿಂತ ಹೆಚ್ಚು. 2017ರ ಮಾನಸಿಕ ಆರೋಗ್ಯ ಕಾಯ್ದೆಯ 103ನೇ ಸೆಕ್ಷನ್, ಪ್ರತಿ ರಾಜ್ಯದಲ್ಲಿ ಕನಿಷ್ಠ ಒಂದು ಜೈಲಿನ ವೈದ್ಯಕೀಯ ವಿಭಾಗದಲ್ಲಿ ಮಾನಸಿಕ ಚಿಕಿತ್ಸಾ ಘಟಕ ಇರಲೇಬೇಕು ಎನ್ನುತ್ತದೆ. ಹಗಲಿಡೀ ಮಾತಾಡದೆ ಗೋಡೆಗೆ ಮುಖ ಮಾಡಿ ಕೂರುವ ಕೈದಿ ವಾರ್ಡರ್ ಕಣ್ಣಿಗೆ ‘ಒಳ್ಳೆಯ ಕೈದಿ’. ಡಾಕ್ಟರ್ ಕಣ್ಣಿಗೆ ಅವನು ತುರ್ತಾಗಿ ನೋಡಬೇಕಾದ ರೋಗಿ. ಬೀಗದ ಕಣ್ಣಿಗೂ ಸ್ಟೆತಸ್ಕೋಪಿನ ಕಣ್ಣಿಗೂ ಇರುವ ವ್ಯತ್ಯಾಸ ಇದಕ್ಕಿಂತ ಸ್ಪಷ್ಟವಾಗಿ ಕಾಣುವುದು ಕಷ್ಟ.

ಚಿಕಿತ್ಸೆಯ ಜೊತೆಗೇ ಸಮಾನತೆಯ ಪ್ರಶ್ನೆಯೂ ಬರುತ್ತದೆ. 2024ರ ಆಗಸ್ಟ್‌ನಲ್ಲಿ ಪರಪ್ಪನ ಅಗ್ರಹಾರದಲ್ಲಿ ಕುರ್ಚಿ ಹಾಕಿಕೊಂಡು, ಸಿಗರೇಟು ಹಿಡಿದು ಕೂತ ನಟರೊಬ್ಬರ ಫೋಟೊ ಹೊರಬಂದಾಗ ರಾಜ್ಯವೇ ಸಿಟ್ಟಾಯಿತು. ‘ರಾಜಾತಿಥ್ಯ’ ಎಂಬ ತಲೆಬರಹ ಪತ್ರಿಕೆಗಳಲ್ಲಿ ಬಂತು. ಸಿಟ್ಟು ಸರಿಯೇ. ಆದರೆ ಅದೇ ವರ್ಷದ ಅಕ್ಟೋಬರ್ 3ರಂದು ಸುಪ್ರೀಂ ಕೋರ್ಟ್ ಕೊಟ್ಟ ಸುಕನ್ಯಾ ಶಾಂತ ಪ್ರಕರಣದ ತೀರ್ಪಿಗೆ ಅದರ ಹತ್ತರಲ್ಲೊಂದು ಪಾಲು ಗಮನವೂ ಸಿಗಲಿಲ್ಲ. ಹಲವು ರಾಜ್ಯಗಳ ಜೈಲು ಕೈಪಿಡಿಗಳು ಕಕ್ಕಸು ಗುಡಿಸುವ ಕೆಲಸವನ್ನು ಕೆಳಜಾತಿಗಳಿಗೆ, ಅಡುಗೆಯನ್ನು ಮೇಲ್ಜಾತಿಗಳಿಗೆ ಹಂಚಿ ಅಚ್ಚು ಹಾಕಿಸಿಕೊಂಡಿದ್ದವು. ಅವು ಸಂವಿಧಾನಬಾಹಿರ ಎಂದ ಕೋರ್ಟ್, ಕೈದಿಗಳ ರಿಜಿಸ್ಟರಿನಿಂದ ಜಾತಿಯ ಕಾಲಂ ಅನ್ನೇ ತೆಗೆಸಿತು. ಗಲೀಜು ಬಳಿಯುವ ಕೆಲಸದ ಜೊತೆಗೆ ಅದರ ರೋಗಗಳೂ ಜಾತಿಯ ಲೆಕ್ಕದಲ್ಲೇ ಹಂಚಿಕೆಯಾಗುತ್ತಿದ್ದವು ಎಂಬುದನ್ನು ಮರೆಯಬಾರದು. 2025ರ ಜುಲೈನಲ್ಲಿ ಅಂಗವಿಕಲ ಕೈದಿಗಳ ವಿಚಾರದಲ್ಲೂ ತೀರ್ಪು ಬಂತು. ಗಾಲಿಕುರ್ಚಿ ಹೋಗುವಂಥ ಶೌಚಾಲಯ, ರ‍್ಯಾಂಪ್, ಫಿಸಿಯೊಥೆರಪಿ ಒದಗಿಸಿ ಎಂದು ತಮಿಳುನಾಡಿಗೆ ಹೇಳಿದ್ದು ಬೇರೆ ರಾಜ್ಯಗಳ ಕಿವಿಗೂ ಬೀಳಬೇಕು.

ತಾಯಂದಿರ ಜೊತೆ ಒಳಗಿರುವ ಮಕ್ಕಳದ್ದು ಬೇರೆಯದೇ ಅಂಕಣದ ವಿಷಯ. 2022ರ ಕೊನೆಗೆ ಅಂಥ ಮಕ್ಕಳು 1,764 ಇದ್ದರು ಎಂದಷ್ಟೇ ಇಲ್ಲಿ ಹೇಳುತ್ತೇನೆ. ಅವರು ಯಾವ ಸೆಕ್ಷನ್ ಅಡಿಯಲ್ಲೂ ಆರೋಪಿಗಳಲ್ಲ.

ಹಾಗಾದರೆ ಮಾಡಬೇಕಾದ್ದೇನು? ಬೇರೆ ದೇಶಗಳೂ ಈ ಸಮಸ್ಯೆಯನ್ನು ಎದುರಿಸಿವೆ. ಇಂಗ್ಲೆಂಡಿನಲ್ಲಿ ಜೈಲುಗಳ ಮುಖ್ಯ ಪರಿವೀಕ್ಷಕರಾಗಿದ್ದ ಡೇವಿಡ್ ರಾಮ್ಸ್‌ಬಾಥಮ್ 1996ರಲ್ಲಿ ಕೇಳಿದ್ದು ಇದೇ ಪ್ರಶ್ನೆಯನ್ನು: ಒಳಗಿರುವವನು ರೋಗಿಯೋ, ಕೈದಿಯೋ? ಹತ್ತು ವರ್ಷಗಳ ನಂತರ, 2006ರ ಹೊತ್ತಿಗೆ, ಅಲ್ಲಿನ ಜೈಲುಗಳ ಆರೋಗ್ಯದ ಹೊಣೆ ಪೂರ್ತಿಯಾಗಿ ರಾಷ್ಟ್ರೀಯ ಆರೋಗ್ಯ ಸೇವೆಯ ಕೈಗೆ ಹೋಯಿತು. ನಾರ್ವೆ 1988ರಲ್ಲೇ, ಫ್ರಾನ್ಸ್ 1994ರಲ್ಲಿ ಈ ದಾರಿ ಹಿಡಿದಿದ್ದವು. ಅಮೆರಿಕದ ಕ್ಯಾಲಿಫೋರ್ನಿಯಾ ತಾನಾಗಿ ಮಾಡಲಿಲ್ಲ, ಕೋರ್ಟ್ ಮಾಡಿಸಿತು. 2006ರಲ್ಲಿ ಅಲ್ಲಿನ ಫೆಡರಲ್ ನ್ಯಾಯಾಲಯ ಜೈಲುಗಳ ವೈದ್ಯಕೀಯ ಆಡಳಿತವನ್ನೇ ಇಲಾಖೆಯಿಂದ ಕಿತ್ತು ತಾನು ನೇಮಿಸಿದ ರಿಸೀವರ್ ಕೈಗಿತ್ತಿತು. ಸುಮಾರು 80 ಸಾವಿರ ಮಂದಿಗೆ ಕಟ್ಟಿದ ಜೈಲುಗಳಲ್ಲಿ ಸುಮಾರು 1,56,000 ಮಂದಿಯನ್ನು ತುಂಬಿದ್ದರು. ಈ ದಟ್ಟಣೆಯಲ್ಲಿ ಚಿಕಿತ್ಸೆ ಸಾಧ್ಯವೇ ಇಲ್ಲ, ಸಂಖ್ಯೆಯನ್ನು ಸಾಮರ್ಥ್ಯದ ಶೇ 137.5ಕ್ಕೆ ಇಳಿಸಿ ಎಂಬ ಆದೇಶವನ್ನು 2011ರಲ್ಲಿ ಅಮೆರಿಕದ ಸುಪ್ರೀಂ ಕೋರ್ಟ್ ಎತ್ತಿಹಿಡಿಯಿತು.

ಇಲಾಖೆ ಬದಲಾದರೆ ಎಲ್ಲವೂ ಸರಿಹೋಗುತ್ತದೆ ಎಂದು ನಾನು ಹೇಳುವುದಿಲ್ಲ. ಇಂಗ್ಲೆಂಡಿನಲ್ಲೇ, ಹೊಣೆ ಬದಲಾದ ಹದಿನಾಲ್ಕು ವರ್ಷಗಳ ನಂತರ ನಫೀಲ್ಡ್ ಟ್ರಸ್ಟ್ ಪ್ರಕಟಿಸಿದ ಅಧ್ಯಯನದಲ್ಲಿ, ಕೈದಿಗಳು ಹೊರಗಿನ ಆಸ್ಪತ್ರೆಗೆ ಹೋಗಬೇಕಾದ ಹೊರರೋಗಿ ಭೇಟಿಗಳಲ್ಲಿ ಸುಮಾರು ಶೇ 40 ತಪ್ಪಿಹೋಗಿದ್ದವು. ಬೆಂಗಾವಲಿನ ಕೊರತೆ ಅಲ್ಲೂ ಒಂದು ಮುಖ್ಯ ಕಾರಣ. ಬೀಗವನ್ನು ಆಚೆಗಿಟ್ಟರೂ ಬೆಂಗಾವಲು ಉಳಿಯುತ್ತದೆ. ಆದ್ದರಿಂದ ಎರಡನ್ನೂ ಒಟ್ಟಿಗೆ ಸರಿಪಡಿಸಬೇಕು.

ನಮ್ಮಲ್ಲಿ ಅನೇಕ ಕಡೆ ಜೈಲಿನ ವೈದ್ಯರು ಆರೋಗ್ಯ ಇಲಾಖೆಯಿಂದ ನಿಯೋಜನೆಯ ಮೇಲೆ ಬಂದವರೇ. ಬಂದ ಮೇಲೆ ಅವರ ದಿನಚರಿ ನಡೆಯುವುದು ಜೈಲಿನ ಮೇಲಧಿಕಾರಿಯ ಮರ್ಜಿಯಲ್ಲಿ. ಅವರ ರಜೆ, ಕಾರ್ಯನಿರ್ವಹಣಾ ವರದಿ, ವರ್ಗಾವಣೆ ಎಲ್ಲವೂ ಜಿಲ್ಲಾ ಆರೋಗ್ಯಾಧಿಕಾರಿಯ ಕೈಯಲ್ಲೇ ಇದ್ದರೆ, ‘ಇವನನ್ನು ಈಗಲೇ ಆಸ್ಪತ್ರೆಗೆ ಕಳಿಸಿ’ ಎಂದು ಬರೆಯುವಾಗ ಪೆನ್ನು ಅಳುಕುವುದಿಲ್ಲ. ಅಷ್ಟೇ ಮುಖ್ಯವಾಗಿ, ಪ್ರಭಾವಿ ಕೈದಿಗೆ ಸುಳ್ಳು ಎದೆನೋವಿನ ಸರ್ಟಿಫಿಕೇಟು ಬರೆಯುವಾಗ ಅಳುಕುತ್ತದೆ, ಏಕೆಂದರೆ ಅದಕ್ಕೆ ಉತ್ತರ ಹೇಳಬೇಕಾದ್ದು ವೈದ್ಯರಿಗೇ. ವಿಐಪಿ ಎದೆನೋವಿಗೂ ಬಡವನ ಎದೆನೋವಿಗೂ ಮದ್ದು ಒಂದೇ.

ಪ್ರತಿ ಬ್ಯಾರಕ್ಕಿನಲ್ಲಿ ಬೀಗ ಹಾಕಿದ ಒಂದು ಡಬ್ಬಿ ಇಡಲು ಎಷ್ಟು ಖರ್ಚು? ಕೈದಿ ಅದರಲ್ಲಿ ಚೀಟಿ ಹಾಕಲಿ, ಕೀಲಿ ನರ್ಸ್ ಬಳಿ ಇರಲಿ. ಓದುಬರಹ ಬಾರದವನಿಗೆ ಪ್ಯಾರಾಲೀಗಲ್ ಸ್ವಯಂಸೇವಕರು ಬರೆದುಕೊಡಲಿ. ವಾರ್ಡರ್ ನಂಬಬೇಕಾದ ಮೊದಲ ಬಾಗಿಲು ಅಲ್ಲಿಗೆ ಮಾಯ. ಆಸ್ಪತ್ರೆಯ ಬೆಂಗಾವಲಿಗೆಂದೇ ಬೇರೆ ತುಕಡಿ ಇರಲಿ, ಅದನ್ನು ಬಂದೋಬಸ್ತ್‌ಗೆ ಎಳೆಯಬಾರದೆಂಬ ಆದೇಶವಿರಲಿ. ತಜ್ಞರು ವಾರಕ್ಕೊಮ್ಮೆ ಜೈಲಿಗೇ ಬಂದರೆ ಎಷ್ಟೋ ಸಲ ಬೆಂಗಾವಲು ಬೇಕಾಗುವುದೇ ಇಲ್ಲ. ಬಿಡುಗಡೆಯ ದಿನ ಕೈಗೆ ಬಸ್ ಚಾರ್ಜಿನ ಜೊತೆ ಚಿಕಿತ್ಸೆಯ ದಾಖಲೆಯೂ ಹದಿನೈದು ದಿನದ ಮಾತ್ರೆಯೂ ಸಿಗಲಿ. ಕ್ಷಯದ ಮಾತ್ರೆ ಅರ್ಧಕ್ಕೆ ನಿಂತು ಊರಿಗೆ ಹೋದವನು ಆ ಕಾಯಿಲೆಯನ್ನು ತನ್ನ ಮನೆಯವರಿಗೂ ಬಸ್ಸಿನಲ್ಲಿ ಪಕ್ಕ ಕೂತ ನಮಗೂ ಹಂಚಬಹುದು. ಇವುಗಳಲ್ಲಿ ಬಹುಪಾಲು ಕೆಲಸಕ್ಕೆ ವಿಧಾನಸಭೆಯ ಮಸೂದೆಯೂ ಬೇಕಿಲ್ಲ, ಎರಡು ಇಲಾಖೆಗಳ ಕಾರ್ಯದರ್ಶಿಗಳು ಕೂತು ಹೊರಡಿಸುವ ಸರ್ಕಾರಿ ಆದೇಶ ಸಾಕು.

ಅಲ್ಲಿಯತನಕ, ನಿಮ್ಮವರು ಅಥವಾ ನಿಮಗೆ ಗೊತ್ತಿರುವವರು ಯಾರಾದರೂ ಒಳಗಿದ್ದು ಕಾಯಿಲೆಯವರಾಗಿದ್ದರೆ, ಅವರ ಹಳೆಯ ಆಸ್ಪತ್ರೆಯ ಚೀಟಿಗಳ ಪ್ರತಿಯನ್ನು ಜೈಲಿನ ವೈದ್ಯಾಧಿಕಾರಿಗೂ ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರಕ್ಕೂ ಬರಹದಲ್ಲಿ ಕೊಟ್ಟು ಸ್ವೀಕೃತಿ ಪಡೆಯಿರಿ. ಬಾಯಿಮಾತಿನಲ್ಲಿ ಹೇಳಿ ಬರಬೇಡಿ. ಚಿಕಿತ್ಸೆ ಸಿಗದಿದ್ದರೆ ಕಾಯಿಲೆಯ ಕಾರಣಕ್ಕೇ ಜಾಮೀನು ಕೇಳಲು ಕಾನೂನಿನಲ್ಲಿ ಅವಕಾಶವಿದೆ, ಕೈದಿಗೆ ಪ್ರಾಧಿಕಾರದ ವಕೀಲರು ಉಚಿತವಾಗಿ ಸಿಗುತ್ತಾರೆ. ಕಾನೂನು ನೆರವಿನ ರಾಷ್ಟ್ರೀಯ ಸಹಾಯವಾಣಿಯ ಸಂಖ್ಯೆ 15100. ಕರೆಗೆ ದುಡ್ಡಿಲ್ಲ.